ನರ್ಸಿಂಗ್ ಸೀಟಿಗೆ ಹೊರಟ ಮುರುಗೇಶಪ್ಪ

ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಬಸವಾಪಟ್ಟಣದಲ್ಲಿ ಹಿಟ್ಟಿನ ಗಿರಣಿ ನಡೆಸುವ ಮುರುಗೇಶಪ್ಪ ಇದನ್ನು ತನ್ನ ತಾಯಿಯಿಂದ ಕಲಿತಿದ್ದ. ಯಾರಾದರೂ ಕೇಳಿಯೇ ಬಿಟ್ಟರೆ ಮನೆಗೆ ವಾಪಸು ಬಂದು, ಒಂದು ಗಳಿಗೆ ಕೂತು, ನೀರು ಕುಡಿದು, ದೇವರ ಜಗುಲಿಗೆ ಕೈಮುಗಿದು ಮತ್ತೆ ಹೊರಡಬೇಕು. ಬೇರೆ ದಿನಗಳಲ್ಲಾಗಿದ್ದರೆ ಅವನು ಇದನ್ನು ಅಷ್ಟಾಗಿ ಹಚ್ಚಿಕೊಳ್ಳುತ್ತಿರಲಿಲ್ಲ. ಆದರೆ ಆವತ್ತು ಮಗಳು ಸಂಧ್ಯಾರಾಣಿಗೆ ಚನ್ನಗಿರಿಯ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಗುತ್ತದೋ ಇಲ್ಲವೋ ತೀರ್ಮಾನವಾಗುವ ದಿನ. ಅವಳ ಅಂಕಗಳು ಹೇಗಿದ್ದವೆಂದರೆ, ದೇವರ ಸಹಾಯದಲ್ಲಿ ಎಳ್ಳಷ್ಟು ಕಡಿಮೆಯಾದರೂ ನಡೆಯುವಂತಿರಲಿಲ್ಲ.

ಫಿಸಿಕ್ಸು, ಕೆಮಿಸ್ಟ್ರಿ ಎರಡನ್ನೂ ಅವಳು ತುಂಬಿದ ಹಳ್ಳ ದಾಟಿದ ಕುರಿಯ ಹಾಗೆ ಪಾಸು ಮಾಡಿದ್ದಳು. ದಾಟಿದ್ದು ನಿಜ, ಹೇಗೆ ದಾಟಿತೆಂದು ಕುರಿಗೂ ಗೊತ್ತಿಲ್ಲ. ಬಯಾಲಜಿ ತುಸು ವಾಸಿ. ಹುಡುಗಿ ದಡ್ಡಿಯಲ್ಲ. ಪಿಯುಸಿ ಎರಡನೇ ವರ್ಷ ತಾಯಿ ಗಿರಿಜಮ್ಮ ಹಾಸಿಗೆ ಹಿಡಿದಾಗ, ಅವಳು ಕಾಲೇಜಿನ ಬೆಂಚಿಗಿಂತ ತಾಯಿಯ ಮಂಚದ ಪಕ್ಕದಲ್ಲೇ ಹೆಚ್ಚು ಹೊತ್ತು ಕೂತಿದ್ದಳು. ಗಿರಿಜಮ್ಮ ಶಿವನ ಪಾದ ಸೇರಿದ ಮೇಲೆ ಮಗಳದು ಒಂದೇ ಹಠ, ನರ್ಸ್ ಆಗುವುದು. ಈಗ ನಡೆಯುತ್ತಿದ್ದುದು ಕೊನೆಯ ಸುತ್ತು. ಇದರಲ್ಲಿ ಸಿಗದಿದ್ದರೆ, ಜಗಳೂರಿನ ಸೋದರತ್ತೆ ಒಂದು ಗಂಡು ನೋಡಿಟ್ಟುಕೊಂಡು ಫೋನಿನ ಪಕ್ಕದಲ್ಲೇ ಕಾಯುತ್ತಿದ್ದಳು.

ಹತ್ತು ಗಂಟೆಗೆ ಹಾಜರಿರಬೇಕು. ಮುರುಗೇಶಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆಳಿಗ್ಗೆ ಬೇಗನೆ ಹೊಸ್ತಿಲು ದಾಟಿದ. ಎದುರುಮನೆಯ ಅನ್ನಪೂರ್ಣಮ್ಮ ರಂಗೋಲಿಯಿಂದ ತಲೆ ಎತ್ತಿದರು.

“ಏನ್ ಮುರುಗೇಶಣ್ಣ, ಗಿರಣಿ ಬಿಟ್ಟು ಮಗಳನ್ನ ಕರ್ಕೊಂಡು ಎಲ್ಲಿಗೆ ಹೊಂಟ್ರಿ?”

ಮುರುಗೇಶಪ್ಪ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟು ಮನೆಯೊಳಗೆ ಹೋಗಿಬಿಟ್ಟ.

“ಅಪ್ಪಾಜಿ, ಬಸ್ ಹೋಗ್ತೈತೆ,” ಎಂದಳು ಸಂಧ್ಯಾ.

“ಹೋಗ್ಲಿ ಬಿಡವ್ವ. ಇನ್ನೊಂದು ಬಸ್ ಬರ್ತೈತೆ, ಇನ್ನೊಂದು ಸೀಟು ಬರಲ್ಲ. ನೀರು ಕೊಡು.”

ನೀರು ಕುಡಿದು, ಜಗುಲಿಗೆ ಕೈಮುಗಿದು, ಈ ಸಲ ಹಿತ್ತಲ ಬಾಗಿಲಿನಿಂದ ಹೊರಟರು. ಹಿತ್ತಲ ಓಣಿಯಲ್ಲಿ ಬೇವಿನಕಡ್ಡಿ ಅಗಿಯುತ್ತ ನಿಂತಿದ್ದವರು ರಿಟೈರ್ಡ್ ಪೋಸ್ಟ್‌ಮ್ಯಾನ್ ನಾಗರಾಜಪ್ಪನವರು. ಮೂವತ್ತು ವರ್ಷ ಮನೆಮನೆಯ ಸುದ್ದಿ ಹಂಚಿದವರು. ಪಿಂಚಣಿ ಬಂದ ಮೇಲೂ ಆ ಕೆಲಸ ಬಿಟ್ಟಿರಲಿಲ್ಲ.

“ಇದೇನಪ್ಪ, ಹಿತ್ತಲ ಕಡೆಯಿಂದ? ಕದ್ದು ಎಲ್ಲಿಗೆ ಹೊಂಟೆ?”

ಮುರುಗೇಶಪ್ಪ ಮತ್ತೆ ಒಳಗೆ. ಅಪ್ಪ ಹೇಳುವ ಮೊದಲೇ ಸಂಧ್ಯಾ ಚೊಂಬು ತಂದಿಟ್ಟಳು.

ಅವನು ಎರಡನೇ ಚೊಂಬು ಮುಗಿಸುವಷ್ಟರಲ್ಲಿ ಓಣಿಯಲ್ಲಿ ಒಂದು ಸುದ್ದಿ ಹುಟ್ಟಿ, ಬೆಳೆದು, ಓಡಾಡತೊಡಗಿತ್ತು. ಮುರುಗೇಶಪ್ಪ ಯಾರಿಗೂ ತಿಳಿಯದ ಹಾಗೆ ಮಗಳಿಗೆ ಗಂಡು ತೋರಿಸಲು ಹೊರಟಿದ್ದಾನೆ. ಅನ್ನಪೂರ್ಣಮ್ಮ ರಂಗೋಲಿ ಕೈಯಲ್ಲೇ ನಡುಮನೆಗೆ ಬಂದು ನಿಂತರು.

“ಅಲ್ರೀ, ತಾಯಿಲ್ಲದ ಹುಡುಗಿ ಅಂತ ಹಿಂಗೆ ಹಿತ್ತಲಿಂದ ಕರ್ಕೊಂಡು ಹೋಗಿ ಯಾರಿಗೋ ಕಟ್ಟಾಕೆ ನೋಡ್ತೀರಲ್ಲ. ನಾವೇನು ಸತ್ತೋಗೀವಾ?”

“ಅಕ್ಕಾ, ಗಂಡೂ ಇಲ್ಲ, ಏನೂ ಇಲ್ಲ. ನರ್ಸಿಂಗ್ ಸೀಟಿಗೆ ಹೊಂಟೀವಿ. ನೀವು ಹಂಗೆ ಕೇಳಿದ್ರಿ, ಅದಕ್ಕೆ ವಾಪಸು ಬಂದೆ.”

ಅನ್ನಪೂರ್ಣಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. “ಅಯ್ಯ ಶಿವನೇ, ನನ್ನ ಬಾಯಿಗೆ ಹುಳ ಬೀಳ. ಗಿರಿಜಕ್ಕನ ಮಗಳಿಗೆ ನಾನೇ ಅಡ್ಡ ಆದ್ನಾ? ನಡೀರಿ, ನಾನೇ ಬಸ್‌ಸ್ಟ್ಯಾಂಡ್‌ವರೆಗೂ ಬಿಟ್ಟು ಬರ್ತೀನಿ. ಯಾರು ಕೇಳ್ತಾರೋ ನೋಡೇ ಬಿಡ್ತೀನಿ.”

ಅವರು ಮುಂದೆ, ಅಪ್ಪ ಮಗಳು ಹಿಂದೆ. “ಏ, ಯಾರೂ ಕೇಳಬ್ಯಾಡ್ರಿ, ಮುರುಗೇಶಣ್ಣ ಒಳ್ಳೆ ಕೆಲಸಕ್ಕೆ ಹೊಂಟಾನೆ,” ಎಂದು ಸಾರುತ್ತ ಹೋದರು. ಅಲ್ಲಿಯವರೆಗೆ ತಮ್ಮ ಪಾಡಿಗೆ ಹಲ್ಲುಜ್ಜುತ್ತಿದ್ದವರೆಲ್ಲ ಬಾಗಿಲಿಗೆ ಬಂದರು. ಯಾರೂ ಕೇಳಲಿಲ್ಲ, ಆದರೆ ಎಲ್ಲರ ಕಣ್ಣಲ್ಲೂ ಅದೇ ಪ್ರಶ್ನೆ. ಕಣ್ಣಲ್ಲಿ ಕೇಳಿದರೆ ಲೆಕ್ಕಕ್ಕುಂಟೋ ಇಲ್ಲವೋ ಎಂದು ಮುರುಗೇಶಪ್ಪ ಯೋಚಿಸುತ್ತಲೇ ನಡೆದ. ತಾಯಿ ಅದನ್ನು ಹೇಳಿಕೊಟ್ಟಿರಲಿಲ್ಲ.

ಬಸ್ಸು ಹತ್ತಿ ಸೀಟಿಗೆ ಒರಗಿದ ಮೇಲೆ ಅವನಿಗೆ ಜೀವ ಬಂತು. ಊರು ದಾಟಿತು. ಸೂಳೆಕೆರೆಯ ನೀರು ಬಿಸಿಲಿಗೆ ಹೊಳೆಯುತ್ತ ಕಾಣಿಸಿತು. ಆಗ ಕಂಡಕ್ಟರ್ ರುದ್ರಮುನಿ ಟಿಕೆಟ್ ಮಿಷನ್ ಹಿಡಿದು ಹಿಂದಿನಿಂದ ಬಂದ. ಸಂಧ್ಯಾ ಆಧಾರ್ ಕಾರ್ಡ್ ಮುಂದೆ ಹಿಡಿದಳು. ಕಂಡಕ್ಟರ್ ಏನು ಕೇಳುತ್ತಾನೆಂಬುದು ಮುರುಗೇಶಪ್ಪನಿಗೆ ಹೊಳೆದದ್ದು ಆ ಕ್ಷಣದಲ್ಲಿ. ‘ಚನ್ನಗಿರಿ’ ಎನ್ನಲು ಬಾಯಿ ತೆರೆದ. ‘ಚ’ ಹೊರಗೆ ಬಂತು.

“ಎಲ್ಲಿಗ್ರೀ?” ಎಂದ ರುದ್ರಮುನಿ.

“ಬಸ್ ನಿಲ್ಸಪ್ಪ.”

“ಇಲ್ಲಿ ಸ್ಟಾಪ್ ಇಲ್ಲ ಯಜಮಾನ್ರೇ.”

“ನೀನು ಕೇಳಬಾರದ್ದು ಕೇಳಿದಿ. ನಿಲ್ಸು.”

“ಕೇಳದೇ ಟಿಕೆಟ್ ಹೆಂಗ್ರೀ ಕೊಡ್ಲಿ? ಶಾಸ್ತ್ರ ನೋಡಿ ಕೊಡ್ಲಾ?”

ಬಸ್ಸಿನವರೆಲ್ಲ ನಕ್ಕರು. ಸಂಧ್ಯಾ ಅಪ್ಪನ ಮುಖ ನೋಡಿದಳು, ನಗಲಿಲ್ಲ. ಅವ್ವನ ಕೊನೆಯ ದಿನಗಳಲ್ಲೂ ಆ ಮುಖ ಹೀಗೇ ಇತ್ತು, ಒಂದು ಸಣ್ಣ ತಪ್ಪಾದರೂ ಎಲ್ಲ ಕೈತಪ್ಪಿ ಹೋಗುತ್ತದೆ ಎನ್ನುವ ಹಾಗೆ. ಅವಳೇ ಎದ್ದು ಅಪ್ಪನ ಕೈ ಹಿಡಿದು ಇಳಿಸಿದಳು.

ಮನೆ ದೂರವಾಗಿತ್ತು. ಮುರುಗೇಶಪ್ಪ ಕೆರೆಯ ಏರಿಯ ಮೇಲೆ ಕೂತು, ಬಾಟಲಿಯ ನೀರು ಕುಡಿದು, ಬೆಟ್ಟದ ಕಡೆ ತಿರುಗಿ ಕೈಮುಗಿದ. “ಶಿವನೇ, ಇದನ್ನೇ ಮನೆ ಅಂತ ತಿಳ್ಕಾ.” ಮುಂದಿನ ಬಸ್ಸು ಬಂದಾಗ ಹತ್ತು ಗಂಟೆ ಎಂದೋ ಹೊಡೆದಾಗಿತ್ತು. ಈ ಸಲ ಸಂಧ್ಯಾ ಬಾಗಿಲಲ್ಲೇ ನಿಂತು, ಕಂಡಕ್ಟರ್ ಉಸಿರೆಳೆಯುವ ಮೊದಲೇ, “ಇಬ್ಬರು ಚನ್ನಗಿರಿಗೆ,” ಎಂದಳು.

ಶಾಲೆ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಗುಮಾಸ್ತ ಸತೀಶ್ ಕುಮಾರ್ ಕನ್ನಡಕದ ಮೇಲಿಂದ ನೋಡಿದ.

“ಈಗ ಬರ್ತೀರೇನ್ರೀ? ಹೆಸರು ಕರೆದಾಗ ಇಲ್ಲದವರ ಸೀಟು ಹೋದಂಗೇ. ಈಗಾಗಲೇ ಇಬ್ಬರು ಅಳ್ತಾ ವಾಪಸು ಹೋದ್ರು. ಒಳ್ಳೊಳ್ಳೆ ಮಾರ್ಕ್ಸ್ ಇದ್ದೋರು.”

ಮುರುಗೇಶಪ್ಪ ಗೋಡೆ ಹಿಡಿದುಕೊಂಡ. ಗಿರಣಿಯ ಬೆಲ್ಟು ಹರಿದಾಗ ಕಲ್ಲು ನಿಲ್ಲುವ ಹಾಗೆ ಅವನೊಳಗೆ ಏನೋ ನಿಂತಿತು. ಮಗಳ ವರ್ಷವನ್ನು ತಾನೇ ಕುಳಿತು, ನೀರು ಕುಡಿದು ಹಾಳುಮಾಡಿದ್ದ.

“ಸಂಧ್ಯಾರಾಣಿ, ಬಸವಾಪಟ್ಟಣ,” ಎಂದಳು ಮಗಳು, ಬಹಳ ಮೆಲ್ಲಗೆ.

ಸತೀಶ್ ಕುಮಾರನ ಬೆರಳು ಪಟ್ಟಿಯ ಮೇಲೆ ಇಳಿಯಿತು. ಇನ್ನೂ ಇಳಿಯಿತು. ಹಾಳೆ ತಿರುವಿ ಮತ್ತೆ ಇಳಿಯಿತು.

“ಓ, ನಿಮ್ದಾ? ಇನ್ನೂ ಕರೆದಿಲ್ಲ. ಮಾರ್ಕ್ಸ್ ಪ್ರಕಾರ ಮೇಲಿಂದ ಕರೀತಾರೆ. ನಿಮ್ದು ಕಟ್ಟಕಡೇದು. ಕುಂದ್ರಿ.”

ಮುರುಗೇಶಪ್ಪ ಕುಳಿತ. ಎರಡು ತಿಂಗಳಿಂದ ಊರಿನ ಮುಂದೆ ತಲೆ ತಗ್ಗಿಸುವಂತೆ ಮಾಡಿದ್ದ ಆ ಕೆಮಿಸ್ಟ್ರಿಯ ಅಂಕಕ್ಕೆ ಮೊದಲ ಸಲ ಮನಸ್ಸಿನಲ್ಲೇ ಕೈಮುಗಿದ. ಇನ್ನು ಹತ್ತು ಅಂಕ ಹೆಚ್ಚು ಬಂದಿದ್ದರೆ ಮಗಳ ಹೆಸರನ್ನು ಬೆಳಿಗ್ಗೆಯೇ ಕರೆದು, ಸೀಟು ಹೋಗಿಬಿಡುತ್ತಿತ್ತು.

ಪ್ರಾಂಶುಪಾಲೆ ನೇತ್ರಾವತಿ ಮೇಡಂ ಅಂಕಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. “ಏನಮ್ಮ ಇದು, ಎಲ್ಲಾ ಬಾರ್ಡರ್‌ನಾಗೆ ಐತೆ. ಓದೋ ಹೊತ್ತಿನಾಗೆ ಏನು ಮಾಡ್ತಿದ್ದೆ?”

“ಅವ್ವಂಗೆ ಹುಷಾರಿರಲಿಲ್ಲ ಮೇಡಂ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು.”

“ಎಷ್ಟು ದಿವಸ ಮಲಗಿದ್ರು?”

“ಏಳು ತಿಂಗಳು.”

“ಬೆನ್ನಿಗೆ ಹುಣ್ಣಾಗಿತ್ತಾ?”

“ಇಲ್ಲ ಮೇಡಂ. ಒಂದೂ ಆಗಾಕೆ ಬಿಡಲಿಲ್ಲ.”

ಮೇಡಂ ಅಂಕಪಟ್ಟಿ ಮಡಚಿ ಪಕ್ಕಕ್ಕಿಟ್ಟರು. ಮುರುಗೇಶಪ್ಪ ಮೇಲಿನ ಫ್ಯಾನನ್ನು ನೋಡುತ್ತ ಕೂತ. ಕೆಳಗೆ ನೋಡಿದ್ದರೆ ಕಣ್ಣಿನ ನೀರು ಅಂಗಿಯ ಇಸ್ತ್ರಿ ಕೆಡಿಸುತ್ತಿತ್ತು.

“ಒಂದು ಸೀಟು ಉಳಿದೈತೆ. ನಿನ್ನ ಮಾರ್ಕ್ಸ್‌ಗೂ ಅದು ಬರ್ತೈತೆ, ನಾನೇನು ಉಪಕಾರ ಮಾಡ್ತಿಲ್ಲ. ಆದ್ರೆ ಕೆಮಿಸ್ಟ್ರಿ ಓದಿದಂಗೆ ಇಲ್ಲಿ ಓದಂಗಿಲ್ಲ.”

“ಇಲ್ಲ ಮೇಡಂ.”

ಮುರುಗೇಶಪ್ಪನ ಎದೆ ಹೊಸ ಬೆಲ್ಟು ಹಾಕಿದ ಗಿರಣಿಯಂತೆ ಗುಡುಗುಡು ಓಡತೊಡಗಿತು. ತನ್ನ ವಂಶದಲ್ಲೇ ಮೊದಲ ನರ್ಸು. ಗಿರಿಜೆಯ ಮಗಳು. ಕೈಮುಗಿದು ಏಳುವಾಗ ಹೇಳಿದ: “ಹಂಗಾದ್ರೆ ಮೇಡಂ, ನಾಳೆ ಟ್ರಂಕು ಹಾಸಿಗೆ ತಂದು ಹಾಸ್ಟೆಲ್‌ಗೆ ಬಿಟ್ಟು ಹೋಗ್ತೀನಿ.”

“ಹಾಸ್ಟೆಲ್ ಎಲ್ಲೈತೆ ಯಜಮಾನ್ರೇ? ಅದನ್ನೂ ಮಾರ್ಕ್ಸ್ ಮೇಲೆ ಕೊಟ್ಟಾಯ್ತು. ಕಡೇ ಹುಡುಗಿಗೆ ಮಂಚ ಉಳಿದಿಲ್ಲ. ಮೂರು ವರ್ಷ ದಿನಾ ಊರಿಂದ ಬಂದು ಹೋಗ್ಬೇಕು. ಎಂಟಕ್ಕೆ ಸರಿಯಾಗಿ ಇಲ್ಲಿರಬೇಕು. ಒಂದು ನಿಮಿಷ ತಡ ಆದ್ರೂ ಗೇಟು ಹಾಕ್ತೀವಿ. ನೀವೇ ಮುತುವರ್ಜಿಯಿಂದ ಬಸ್ ಹತ್ತಿಸ್ಬೇಕು.”

ಸಂಜೆ ಬಸವಾಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಅರ್ಧ ಓಣಿ ಕಾದಿತ್ತು. ಅನ್ನಪೂರ್ಣಮ್ಮ ಸಂಧ್ಯಾಳ ಬಾಯಿಗೆ ಸಕ್ಕರೆ ಹಾಕಿ, ದೃಷ್ಟಿ ತೆಗೆದು, ಕಣ್ಣೊರೆಸಿಕೊಂಡರು. ನಾಗರಾಜಪ್ಪನವರು ಗಿರಣಿಯವನ ಬೆನ್ನು ತಟ್ಟಿ, “ನಮ್ಮ ಓಣಿಯ ಮಾನ ಉಳಿಸಿದ್ಲು ಹುಡುಗಿ,” ಎಂದರು. ಮುರುಗೇಶಪ್ಪ ಊರಿನ ನಡುವೆ ಅಷ್ಟು ನೆಟ್ಟಗೆ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಹಾಸ್ಟೆಲಿನ ಸಂಗತಿ ತಿಳಿದಾಗಲೂ ಓಣಿ ಎದೆಗುಂದಲಿಲ್ಲ.

“ಅದಕ್ಕೇನ್ರೀ ಚಿಂತಿ?” ಎಂದರು ಅನ್ನಪೂರ್ಣಮ್ಮ. “ನಾಳೆಯಿಂದ ದಿನಾ ಬೆಳಿಗ್ಗೆ ಓಣಿಗೆ ಓಣಿನೇ ಬಾಗಿಲಿಗೆ ಬಂದು ನಿಂತು, ನಮ್ಮ ನರ್ಸಮ್ಮನ್ನ ಮಾತಾಡಿಸಿ ಕಳಿಸ್ತೀವಿ. ಒಬ್ಬರೂ ತಪ್ಪಿಸಲ್ಲ.” ಮುರುಗೇಶಪ್ಪನ ಕಿವಿಗೆ ಮೂರು ವರ್ಷದ ‘ಎಲ್ಲಿಗೆ’ಗಳು ಈಗಲೇ ಕೇಳಿಸಿದವು.

ಮನೆಗೆ ಬಂದ ಮುರುಗೇಶಪ್ಪ ಜಗುಲಿಯ ಮುಂದೆ ಬಹಳ ಹೊತ್ತು ಕೈಮುಗಿದು ನಿಂತ. ಗಿರಿಜಮ್ಮನ ಫೋಟೋದ ಕಡೆ ಒಮ್ಮೆ ನೋಡಿ ನಕ್ಕ. ಆಮೇಲೆ, ಮಗಳಿಗೆ ಕೇಳಿಸದಂತೆ ದೇವರಿಗೆ ಹೇಳಿದ:

“ತಂದೇ, ಸೀಟು ಕೊಟ್ಟಿ, ನಿನ್ನ ಋಣ ಯಾವತ್ತೂ ಮರೆಯಲ್ಲ. ಆದ್ರೆ ಸೀಟು ಕೊಡೋ ಕೈಯಿಂದ ಒಂದು ಮಂಚ ಕೊಡಾಕೆ ನಿನಗೇನಾಗಿತ್ತು?”