ಪಕ್ಕದ ಸೀಟಿನ ಮೇಷ್ಟ್ರು

ಹೆಂಡತಿ: ಮತ್ತೆ ಹಾವಿನ ಕಥೆ ತೆಗೀಬೇಡಿ. ನಾವು ಬರ್ತೀವಿ ಅಂತ ಹಾವಿಗೆ ಯಾರೂ ಕಾಗದ ಬರೆದಿಲ್ಲ.

ಗಂಡ: ಹಾವು ಬಿಡು. ಮೂರು ಜನ ಆ ವ್ಯಾನ್ ಅನ್ನೋ ಡಬ್ಬದೊಳಗೆ ಮಲಗೋದು ಅಂದ್ರೆ ಏನು ಗೊತ್ತಾ? ಕಾಲು ಚಾಚಿದ್ರೆ ಒಲೆ, ತಲೆ ಎತ್ತಿದ್ರೆ ಛಾವಣಿ. ನದಿ ಪಕ್ಕ ಆ ಮರದ ಮನೆ ಇದೆಯಲ್ಲ, ಅದನ್ನೇ ತಗೊಳ್ಳೋಣ. ಬೀಗ ತೆಗೆದ್ವಾ, ಮಲಗಿದ್ವಾ, ಮುಗೀತು.

ಹೆಂಡತಿ: ಮರದ ಮನೆ ಮುಂದಿನ ತಿಂಗಳ ಕೊನೇವರೆಗೂ ಖಾಲಿ ಇಲ್ಲ. ನಿಮ್ಮ ಎದುರಿಗೇ ಫೋನ್ ಮಾಡಿದ್ನಲ್ಲ!

ಗಂಡ: ಹಾಗಾದ್ರೆ ಅದರ ಮುಂದಿನ ತಿಂಗಳು ಹೋಗೋಣ. ನದಿ ಎಲ್ಲಿ ಓಡಿಹೋಗುತ್ತೆ?

ಹೆಂಡತಿ: ಅದಕ್ಕೆ ಬೇರೆ ಕೆಲಸ ಏನಿದೆ ರೀ?

ಊಟದ ಮೇಜಿನ ಮೇಲೆ ಬೆಟ್ಟಗಳ ನಕ್ಷೆ ಹರಡಿತ್ತು. ಯಾರೋ ಅವಸರದಲ್ಲಿ ಬೀಳಿಸಿ ಹೋದ ನೀಲಿ ದಾರದಂತೆ ನದಿ ಅದರಲ್ಲಿ ಸುತ್ತಿಕೊಂಡು ಬಿದ್ದಿತ್ತು. ಗಂಡ ಊರಿನ ಹಳೆಯ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಹೆಂಡತಿಗೆ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ. ಕಿಟಕಿಯ ಬಳಿ ಅತ್ತೆ, ಅಂದರೆ ಗಂಡನ ತಾಯಿ, ಬಟಾಣಿ ಬಿಡಿಸುತ್ತಿದ್ದರು. ಹಾಸಿಗೆ, ಒಲೆ ಎಲ್ಲ ಇರುವ ವ್ಯಾನೊಂದು ಶನಿವಾರಕ್ಕೆ ಬಾಡಿಗೆಗೆ ಸಿಕ್ಕಿತ್ತು. ಓಡಿಸುವವರ ಹೆಸರನ್ನು ಮಾತ್ರ ಇವತ್ತು ಐದು ಗಂಟೆಯೊಳಗೆ ತಿಳಿಸಬೇಕು. ಇಲ್ಲವಾದರೆ ವ್ಯಾನು ಬೇರೆಯವರ ಪಾಲು. ಗಡಿಯಾರ ಆಗಲೇ ನಾಲ್ಕೂವರೆ ದಾಟಿತ್ತು.

ಹೆಂಡತಿ: ಎಂಟು ವರ್ಷದಿಂದ ಇದೇ ರಾಗ. ಒಂದು ವರ್ಷ ಮಳೆ, ಒಂದು ವರ್ಷ ಮಂಜು, ಒಂದು ವರ್ಷ ನಿಮ್ಮ ಹಲ್ಲು. ನಾನು ಕೇಳ್ತಿರೋದು ಒಂದೇ ಒಂದು ಬೆಳಗ್ಗೆ. ಬಾಗಿಲು ತೆಗೆದ್ರೆ ನೀರು ಕಾಣಬೇಕು. ಎದುರು ಮನೆಯವರು ಒಣಗಿ ಹಾಕಿರೋ ಪೈಜಾಮ ಅಲ್ಲ.

ಗಂಡ: ಬಸ್ಸಲ್ಲಿ ಹೋಗೋಣ ಕಣೇ.

ಹೆಂಡತಿ: ಬಸ್ಸಿನ ಬಾಗಿಲು ತೆಗೆದ್ರೆ ಕಂಡಕ್ಟರ್ ಕಾಣ್ತಾನೆ.

ಅತ್ತೆ: ನಿನ್ನ ಹೆಸರು ಕೊಟ್ಟುಬಿಡೋ ಅತ್ಲಾಗೆ. ಅರ್ಧ ಊರಿಗೆ ಸ್ಟಿಯರಿಂಗ್ ಹಿಡಿಯೋದು ಕಲಿಸಿದವನು ನೀನು.

ಗಂಡ: ಅಮ್ಮ, ನೀನು ಬಟಾಣಿ ನೋಡು. ಹುಳ ಇರುತ್ತೆ.

ಅತ್ತೆ: ಹುಳ ಬಟಾಣೀಲಿಲ್ಲ ಮಗನೇ.

ಹೆಂಡತಿ ಪೆನ್ನು ತೆರೆದು ವ್ಯಾನಿನ ಬಾಡಿಗೆ ಫಾರಂ ಎಳೆದುಕೊಂಡಳು. ಗಂಡ ಪೆನ್ನನ್ನೇ ಕಸಿದುಕೊಂಡ.

ಗಂಡ: ಅವಸರ ಮಾಡ್ಬೇಡ. ಆ ವ್ಯಾನ್ ಎಷ್ಟು ಉದ್ದ ಗೊತ್ತಾ? ತಿರುವಿನಲ್ಲಿ ಹಿಂಭಾಗ ಹೊರಗೆ ಬೀಸುತ್ತೆ. ಇಳಿಜಾರಲ್ಲಿ ಭಾರ ಎಲ್ಲ ಮುಂದಕ್ಕೆ ಬರುತ್ತೆ.

ಹೆಂಡತಿ: ಇದನ್ನೆಲ್ಲ ಬೋರ್ಡ್ ಮೇಲೆ ಚಿತ್ರ ಬರೆದು ಹೇಳ್ಕೊಡೋರು ನೀವೇ ತಾನೆ?

ಗಂಡ: ಹೇಳ್ಕೊಡೋದು ಬೇರೆ.

ಹೆಂಡತಿ: ಬೇರೆ ಅಂದ್ರೆ?

ಗಂಡ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ.

ಹೆಂಡತಿ: ರೀ, ಸಂಜೆ ನಿಮ್ಮನ್ನ ಮನೆಗೆ ಯಾರು ಬಿಟ್ಟುಹೋಗ್ತಾರೆ?

ಗಂಡ: ಶಿಷ್ಯರು. ಅವರಿಗೂ ಅಭ್ಯಾಸ ಆಗ್ಲಿ ಅಂತ.

ಹೆಂಡತಿ: ಬೆಳಗ್ಗೆ ಕರ್ಕೊಂಡು ಹೋಗೋರು?

ಗಂಡ: ಅವರೇ.

ಹೆಂಡತಿ: ಮೊನ್ನೆ ಗ್ಯಾಸ್ ಸಿಲಿಂಡರ್ ತಂದಾಗ?

ಗಂಡ: ಅವತ್ತು ರಿವರ್ಸ್ ಪಾಠ ಇತ್ತು.

ಹೆಂಡತಿ: ನನ್ನ ತಂಗಿ ಮದುವೆಗೆ ಹೋದಾಗ?

ಗಂಡ: ಹೆದ್ದಾರಿ ಪಾಠ.

ಅತ್ತೆ: ಪಾಪ, ಆ ಬ್ಯಾಂಕಿನ ಮೇಡಂ. ಹೆದ್ದಾರಿ ಪಾಠ ಅಂತ ಬಂದು ಎರಡು ಪಂಕ್ತಿಗೆ ನೀರು ಬಡಿಸಿ ಹೋದ್ರು.

ಹೆಂಡತಿ: ಡ್ರೈವರ್ ಸೀಟಲ್ಲಿ ನೀವು ಕೊನೇ ಸಲ ಕೂತಿದ್ದು ಯಾವಾಗ?

ಗಂಡ: ಹೋದ ವಾರ.

ಹೆಂಡತಿ: ಯಾಕೆ?

ಗಂಡ: ಒರೆಸೋಕೆ.

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವನು ನಕ್ಷೆಯ ಮಡಿಕೆಯನ್ನು ಉಗುರಿನಿಂದ ತೀಡುತ್ತಾ, ಬೆಟ್ಟಗಳಿಗೆ ಹೇಳುವಂತೆ ತಗ್ಗಿದ ದನಿಯಲ್ಲಿ ಹೇಳತೊಡಗಿದ.

ಗಂಡ: ಹತ್ತೊಂಬತ್ತು ವರ್ಷ ಪಕ್ಕದ ಸೀಟಲ್ಲೇ ಕೂತೆ ಕಣೇ. ಅಲ್ಲಿ ನನ್ನ ಕಾಲಿಗೊಂದು ಬ್ರೇಕ್ ಇದೆ, ತಪ್ಪೆಲ್ಲ ಬೇರೆಯವರದ್ದು. ಹೋದ ವರ್ಷ ಒಂದಿನ ಶೆಡ್ಡಿಂದ ಕಾರು ತೆಗೆಯೋಣ ಅಂತ ಕೂತೆ. 'ಕ್ಲಚ್ ಬಿಡು, ಕ್ಲಚ್ ಬಿಡು' ಅಂತ ಕೂಗ್ತಾನೇ ಇದ್ದೆ, ನನಗೆ ನಾನೇ. ಬಿಡಲೇ ಇಲ್ಲ.

ಹೆಂಡತಿ: ಆಮೇಲೆ?

ಗಂಡ: ಶಿಷ್ಯರು ಬರೋವರೆಗೂ ಅಲ್ಲೇ ಪೇಪರ್ ಓದ್ತಾ ಇದ್ದೆ. ಇದು ಹೊರಗೆ ಗೊತ್ತಾದ್ರೆ ಸ್ಕೂಲಿನ ಬೋರ್ಡ್ ಇಳಿಸಿ ಮನೆಗೆ ತರಬೇಕು, ಅಷ್ಟೆ.

ಹೆಂಡತಿ ನಗಲಿಲ್ಲ. ನಗದೆ ಇರಲು ಎಷ್ಟು ಕಷ್ಟಪಟ್ಟಳೆಂಬುದು ಅವಳ ಗಲ್ಲದಲ್ಲಿ ಕಾಣುತ್ತಿತ್ತು. ಒಳಗೆ ಹೋಗಿ ಕೈಚೀಲದಿಂದ ಒಂದು ಕಾರ್ಡು ತಂದು ನದಿಯ ಮೇಲೆ ಇಟ್ಟಳು.

ಗಂಡ: ಯಾರದ್ದಿದು ಲೈಸೆನ್ಸು?

ಹೆಂಡತಿ: ಫೋಟೋ ನೋಡಿ.

ಗಂಡ: ನಿನ್ನ ಥರಾನೇ ಇದ್ದಾರೆ.

ಅತ್ತೆ: ನಿನ್ನ ಹೆಂಡ್ತೀನೇ ಕಣೋ, ಮಂಕೇ.

ಗಂಡ: ಯಾರ ಹತ್ರ ಕಲಿತೆ?

ಹೆಂಡತಿ: ಮೊದಲು ನಿಮ್ಮನ್ನೇ ಕೇಳಿದ್ದು. ಆರು ವರ್ಷ 'ಈ ಬ್ಯಾಚ್ ಮುಗೀಲಿ' ಅಂದ್ರಿ.

ಗಂಡ: ಯಾರ ಹತ್ರ ಅಂದೆ.

ಹೆಂಡತಿ: ನಿಮ್ಮ ಸ್ಕೂಲಿನ... ಎದುರುಗಡೆ.

ಗಂಡ: ಮೀಸೆ ಹತ್ರಾನಾ?

ಮೀಸೆ ಹದಿನೈದು ವರ್ಷದ ಹಿಂದೆ ಇವನ ಬಳಿಯೇ ಕಲಿತು, ರಸ್ತೆಯಾಚೆ ಸ್ವಂತ ಸ್ಕೂಲು ತೆರೆದು, ಇವನ ಬೋರ್ಡಿಗಿಂತ ಒಂದಡಿ ದೊಡ್ಡ ಬೋರ್ಡು ನಿಲ್ಲಿಸಿದವನು. ಈ ಮನೆಯಲ್ಲಿ ಅವನಿಗೆ ಬೇರೆ ಹೆಸರಿರಲಿಲ್ಲ.

ಗಂಡ: ನನ್ನ ಹೆಂಡತಿ, ಅವನ ಕಾರಲ್ಲಿ, ನನ್ನ ಸ್ಕೂಲ್ ಮುಂದೆ!

ಹೆಂಡತಿ: ನಿಮ್ಮ ಸ್ಕೂಲ್ ಬಂದಾಗ ಬಗ್ಗಿ ಕೂತ್ಕೋತಿದ್ದೆ.

ಗಂಡ: ಗಾಡಿ ಓಡಿಸ್ತಾ ಬಗ್ಗಿ ಕೂತ್ಯಾ? ಬುದ್ಧಿ ಇದೆಯಾ ನಿನಗೆ? ರಸ್ತೆ ಯಾರು ನೋಡೋದು? ಇದನ್ನಾ ಅವನು ಕಲಿಸಿದ್ದು?

ಹೆಂಡತಿ: ಅಷ್ಟು ದೂರ ಅವರೇ ಓಡಿಸ್ತಿದ್ರು ರೀ.

ಗಂಡ: ದಿನಾ ಬೆಳಗ್ಗೆ ವಾಕಿಂಗ್ ಅಂದ್ಯಲ್ಲೇ! ಅಮ್ಮ, ನೀನೂ ಜೊತೆಗೆ ಹೋಗ್ತಿದ್ದೆ.

ಅತ್ತೆ: ಹೋಗ್ತಿದ್ದೆ. ಹಿಂದಿನ ಸೀಟಲ್ಲಿ.

ಗಂಡ: ವಾಕಿಂಗಿಂದ ಮಂಡಿ ನೋವು ಹೋಯ್ತು ಅಂದ್ಯಲ್ಲ! ನಾನು ಬೀದಿಯವರಿಗೆಲ್ಲ ನಡೀರಿ, ನಡೀರಿ ಅಂತ ಹೇಳ್ಕೊಂಡು ಬಂದೆ!

ಅತ್ತೆ: ನಡೆಯದೆ ಇದ್ದಿದ್ದಕ್ಕೇ ಹೋಗಿದ್ದು ಕಣೋ. ಚೆನ್ನಾಗಿ ಓಡಿಸ್ತಾಳೆ. ನನಗೆ ಎಷ್ಟೋ ದಿನ ನಿದ್ದೆ ಬಂದುಬಿಡ್ತಿತ್ತು.

ಗಂಡ ಎದ್ದು ನಿಂತ. ಕುರ್ಚಿಯ ಹಿಂದೆ ಹೋಗಿ, ತರಗತಿಯಲ್ಲಿ ನಿಲ್ಲುವಂತೆ ಕೈಕಟ್ಟಿದ.

ಗಂಡ: ಉದ್ದನೆ ಇಳಿಜಾರು. ಏನ್ ಮಾಡ್ತೀಯ?

ಹೆಂಡತಿ: ಕೆಳಗಿನ ಗೇರಲ್ಲೇ ಇಳೀತೀನಿ. ಬ್ರೇಕ್ ಒತ್ತಿಕೊಂಡೇ ಇದ್ರೆ ಕಾದುಹೋಗುತ್ತೆ.

ಗಂಡ: ಸಣ್ಣ ದಾರಿ, ಎದುರಿಂದ ಬಸ್ಸು ಏರ್ತಾ ಬರ್ತಿದೆ.

ಹೆಂಡತಿ: ಏರೋರಿಗೆ ದಾರಿ ಬಿಟ್ಟು ನಿಲ್ತೀನಿ. ಬಸ್ಸು ಹೋದ್ಮೇಲೆ ಮನಸಲ್ಲಿ ಮೂರು ಎಣಿಸಿ ಹೊರಡ್ತೀನಿ.

ಗಂಡ: ಮೂರು ಎಣಿಸೋದಾ? ಅದು ನನ್ನ ಪಾಠ! ಬೇರೆ ಯಾರೂ ಹೇಳ್ಕೊಡಲ್ಲ ಅದನ್ನ!

ಹೆಂಡತಿ: ಮತ್ತೆ ಮೀಸೆಗೆ ಕಲಿಸಿದ್ದು ಯಾರು? ನಿಮ್ಮ ಪಾಠಾನೇ ರೀ, ರಸ್ತೆ ದಾಟಿ ಸುತ್ತಿಕೊಂಡು ನನ್ನ ಹತ್ರ ಬಂತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಐದಕ್ಕೆ ಎರಡು ನಿಮಿಷ. ಹೆಂಡತಿಯ ಕೈ ಮುಂದೆ ಬಂದು ನಡುದಾರಿಯಲ್ಲೇ ನಿಂತಿತು. ಎತ್ತಿದವನು ಅವನು.

ಗಂಡ: ಹೌದು, ನಾವೇ. ಶನಿವಾರಕ್ಕೆ... ಓಡಿಸೋರ ಹೆಸರಾ?

ಅವನು ಅವಳ ಕಡೆ ನೋಡಿದ. ಎಂಟು ವರ್ಷ ಕಾದ ಮುಖ ಅದು. ಇನ್ನೊಂದು ನಿಮಿಷ ಕಾಯಲು ಮಾತ್ರ ಅದಕ್ಕೆ ಆಗುತ್ತಿರಲಿಲ್ಲ.

ಗಂಡ: ನನ್ನ ಹೆಂಡತಿ ಓಡಿಸ್ತಾಳೆ. ಲೈಸೆನ್ಸ್ ಕಳಿಸ್ತೀವಿ. ಬೆಟ್ಟದ ರಸ್ತೆನಾ? ಏನೂ ಯೋಚನೆ ಮಾಡ್ಬೇಡಿ. ನನ್ನ ಪಾಠದಲ್ಲಿ ಕಲಿತವಳು.

ಅತ್ತೆ: ನಾಚಿಕೆ ಅನ್ನೋದು ನಮ್ಮ ವಂಶದ ಹತ್ತಿರಾನೂ ಸುಳಿಯಲ್ಲ.

ಗಂಡ: (ಫೋನ್ ಇಟ್ಟು) ಒಂದು ಷರತ್ತು. ಪಕ್ಕದ ಸೀಟು ನನ್ನದು.

ಹೆಂಡತಿ: ಅದು ಅತ್ತೇದು.

ಗಂಡ: ಮತ್ತೆ ನಾನು?

ಹೆಂಡತಿ: ಹಿಂದೆ ಹಾಸಿಗೆ ಇದೆಯಲ್ಲ. ಪರದೆ ಎಳ್ಕೊಂಡು ಮಲಗಿ. ನದಿ ಬಂದ್ಮೇಲೆ ಎಬ್ಬಿಸ್ತೀನಿ.

ಓಡುವ ಗಾಡಿಯಲ್ಲಿ ಅವನು ಇದುವರೆಗೆ ಕಣ್ಣು ಮುಚ್ಚಿದವನಲ್ಲ. ಲೈಸೆನ್ಸನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿ, ಅಂಗಿಯ ತುದಿಯಿಂದ ಒರೆಸಿ ಅವಳ ಕೈಗೆ ಕೊಟ್ಟ.

ಗಂಡ: ಆಯ್ತು, ಮಲಗ್ತೀನಿ. ಎಬ್ಬಿಸೋಕೆ ಬರೋ ಮುಂಚೆ ಹ್ಯಾಂಡ್ ಬ್ರೇಕ್ ಹಾಕಿ ಬಾ.