ಯಾವ ಕಡೆಯೋರು?

ಆ ಭಾನುವಾರ ನಂಜುಂಡೇಶ ಬಸ್ಸಿನ ಬೋರ್ಡು ಓದಲಿಲ್ಲ. ಮುಂದಿನ ಫಜೀತಿಗೆಲ್ಲ ಕಾರಣ ಅಷ್ಟೇ.

ಓದುವ ಅಗತ್ಯವೂ ಅವನಿಗಿರಲಿಲ್ಲ. ಭಾನುವಾರ ಅವನು ಎಲ್ಲಿಗೋ ಹೋಗಬೇಕೆಂದು ಬಸ್ಸು ಹತ್ತುತ್ತಿರಲಿಲ್ಲ. ಬಸ್ಸಿನೊಳಗೆ ಇರಬೇಕೆಂದು ಹತ್ತುತ್ತಿದ್ದ. ಕೆ.ಆರ್. ನಗರದಲ್ಲಿ, ಸುತ್ತಲ ಹಳ್ಳಿಗಳಲ್ಲಿ ಮೀಟರು ನೋಡಿ ಕರೆಂಟು ಬಿಲ್ಲು ಹರಿದುಕೊಡುವುದು ಅವನ ಕೆಲಸ. ಪ್ರತಿ ಗೇಟಿನ ಚಿಲಕವೂ ಪ್ರತಿ ನಾಯಿಯೂ ಅವನಿಗೆ ಗೊತ್ತು. ಅವನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. "ಅವ್ವಾ, ಕರೆಂಟ್ನೋರು ಬಂದವ್ರೆ" ಅನ್ನುತ್ತಾರೆ, ಬಿಲ್ಲಿನ ಮುಖ ನೋಡುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಐವತ್ತು ದಾಟಿದರೂ ಮದುವೆಯಾಗಿರಲಿಲ್ಲ. ರಾವಂದೂರಿನಲ್ಲಿದ್ದ ತಾಯಿ ತೀರಿಕೊಂಡ ಮೇಲೆ ಅಲ್ಲಿಗೆ ಹೋಗುವುದೂ ನಿಂತುಹೋಗಿತ್ತು. ಬಾಡಿಗೆ ಕೋಣೆಯಲ್ಲಿ ಭಾನುವಾರವೆಂಬುದು ಬೆಲ್ಲದ ಪಾಕದ ಹಾಗೆ, ಎಳೆದಷ್ಟೂ ಉದ್ದ. ಬಸ್ಸಿನಲ್ಲಾದರೆ ಯಾರಾದರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. "ವಸಿ ಅತ್ಲಾಗ್ ಸರ್ಕಳಿ" ಅನ್ನುತ್ತಾರೆ. ಕೆಲವು ಭಾನುವಾರ ಅವನ ಕಿವಿಗೆ ಬಿದ್ದ ಮಾತೆಂದರೆ ಅದೊಂದೇ.

ಅಂದು ಸ್ಟ್ಯಾಂಡಿನ ಹೊರಗೆ ಕೆಂಪು ಬಸ್ಸೊಂದು ನಿಂತಿತ್ತು. ಬೋರ್ಡಿನ ಮೇಲೆ ಚೆಂಡುಹೂವಿನ ದಪ್ಪ ಹಾರ ಬಿದ್ದಿತ್ತು. ಡ್ರೈವರು ದೈವಭಕ್ತನಿರಬೇಕು ಅಂದುಕೊಂಡು ನಂಜುಂಡೇಶ ಹತ್ತಿ ಕೂತ. ಒಳಗೆಲ್ಲ ರೇಷ್ಮೆ ಸೀರೆ, ಇಸ್ತ್ರಿ ಮಾಡಿದ ಬಿಳಿ ಪಂಚೆ. ಬಸ್ಸು ಹೊರಟು ಊರು ದಾಟಿದರೂ ಕಂಡಕ್ಟರು ಬರಲಿಲ್ಲ. ಕೊನೆಗೆ ಇವನೇ ನೋಟು ಎತ್ತಿ ಹಿಡಿದು, "ಸಾಲಿಗ್ರಾಮ ಒಂದು" ಎಂದು ಕೂಗಿದ.

ಬಸ್ಸಿಗೆ ಬಸ್ಸೇ ನಕ್ಕಿತು.

"ಏನ್ ತಮಾಸೆ ಮಾಡ್ತೀರಣ್ಣ! ಸುನಂದಕ್ಕ, ಇವ್ರಿಗೊಂದು ಟಿಕೆಟ್ ಕೊಡಿ" ಎಂದು ಹಿಂದಿನ ಸೀಟಿನಿಂದ ಯಾರೋ ಅಂದರು.

ಪಕ್ಕದಲ್ಲಿದ್ದ ಸುನಂದಮ್ಮ ಹಣ್ಣು, ವೀಳ್ಯದೆಲೆ, ಸೀರೆ ಜೋಡಿಸಿದ್ದ ದೊಡ್ಡ ತಟ್ಟೆಯನ್ನು ಎತ್ತಿ ಇವನ ತೊಡೆಯ ಮೇಲಿಟ್ಟರು. "ತಕಳಿ, ಇದೇ ನಿಮ್ಮ ಟಿಕೆಟು. ಭದ್ರವಾಗಿ ಇಡ್ಕಳಿ. ಅಂದಂಗೆ, ನಿಮ್ಮ ಮುಖ ಎಲ್ಲೋ ನೋಡ್ದಂಗದೆ. ಮಿರ್ಲೆ ಕಡೇನಾ?"

ಮಿರ್ಲೆ ಸಾಲಿಗ್ರಾಮದ ದಾರಿಯಲ್ಲೇ ಇತ್ತು. ಎಲ್ಲಿಗೆ ಪಯಣ ಎಂದು ಕೇಳುತ್ತಿದ್ದಾರೆ ಅಂದುಕೊಂಡ ನಂಜುಂಡೇಶ, "ಹೂಂ, ಆ ಕಡೇನೇ" ಅಂದ.

"ಕೇಳುದ್ರೇನ್ರೀ?" ಸುನಂದಮ್ಮ ಮುಂದೆ ಕೂತಿದ್ದ ಗಂಡ ತಿಮ್ಮಯ್ಯನವರ ಬೆನ್ನು ತಟ್ಟಿದರು. "ಹುಡುಗಿ ಕಡೆಯೋರಂತೆ! ದಾರಿ ತೋರ್ಸಕ್ಕೆ ಮನೆ ಜನಾನೇ ಕಳ್ಸವ್ರೆ. ನಮ್ಮ ಹುಡುಗಂಗೆ ಒಳ್ಳೆ ಮರ್ಯಾದಸ್ಥರ ಸಂಬಂಧ ಸಿಕ್ತು ಬುಡಿ."

ಇವರ ಮಗನ ನಿಶ್ಚಿತಾರ್ಥಕ್ಕೆ ಗೊತ್ತುಮಾಡಿದ ಬಸ್ಸು ಇದು ಎಂದು ಆಗ ಅವನಿಗೆ ಹೊಳೆಯಿತು. ನಿಜ ಹೇಳಲು ಬಾಯಿ ತೆರೆದ. ಹಸಿದಿದ್ದಾರೆಂದು ತಿಳಿದ ಸುನಂದಮ್ಮ ಒಂದು ಕೋಡುಬಳೆ ಕೊಟ್ಟರು. ಮನೆಯಲ್ಲಿ ಮಾಡಿದ ಕೋಡುಬಳೆಯನ್ನು ಯಾರಾದರೂ ಅವನ ಕೈಗಿಟ್ಟು ಎಷ್ಟು ಕಾಲವಾಗಿತ್ತೋ! ನಿಜ ಕೋಡುಬಳೆಯ ಜೊತೆಗೇ ಗಂಟಲಿನಿಂದ ಕೆಳಗಿಳಿಯಿತು.

ಮಿರ್ಲೆಯಲ್ಲಿ ಬಸ್ಸಿನಿಂದ ತಟ್ಟೆ ಹಿಡಿದು ಮೊದಲು ಇಳಿದವನು ಅವನೇ. ಹುಡುಗಿಯ ತಂದೆ ಚಿಕ್ಕಣ್ಣ ಓಡಿಬಂದು ಎರಡೂ ಕೈ ಮುಗಿದರು. "ಬನ್ನಿ, ಬನ್ನಿ ಹಿರೀಕರೇ. ಕೆ.ಆರ್. ನಗರದ ಕಡೆಯಿಂದ್ಲೇ ಬಂದ್ರೋ?"

"ಹೂಂ, ಆ ಕಡೆಯಿಂದ್ಲೇ."

ಚಿಕ್ಕಣ್ಣ ತಮ್ಮವರ ಕಡೆ ತಿರುಗಿ, "ಹುಡುಗನ ದೊಡ್ಡಪ್ಪ ಇರಬೇಕು ಕಣ್ಲಾ, ಫ್ಯಾನ್ ಕೆಳಗೆ ಕುರ್ಚಿ ಹಾಕು" ಎಂದು ಪಿಸುಗುಟ್ಟಿದರು. ಎರಡು ಸಲವೂ ನಂಜುಂಡೇಶ ಸುಳ್ಳು ಹೇಳಿರಲಿಲ್ಲ. ಹಾಗಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಪಾನಕ ಕುಡಿದ.

ಮದುಮಗಳಾಗಲಿದ್ದ ಪುಟ್ಟಿ ಬಂದು ಅವನ ಕಾಲಿಗೂ ನಮಸ್ಕರಿಸಿದಳು. ಅದುವರೆಗೆ ಯಾರೂ ಅವನ ಕಾಲು ಮುಟ್ಟಿದವರಲ್ಲ. ಅವನು ಕುರ್ಚಿಯಿಂದ ಅರ್ಧ ಎದ್ದು, "ಚೆನ್ನಾಗಿರವ್ವ" ಅಂದ. ದನಿ ಒಡೆಯಿತು, ಕಣ್ಣು ತುಂಬಿತು.

"ನೋಡಿ, ಹುಡುಗನ ಮೇಲೆ ಎಷ್ಟು ಜೀವ ಇಟ್ಟವ್ರೆ" ಎಂದು ಹುಡುಗಿ ಕಡೆಯ ಹೆಂಗಸರು ಲೊಚಗುಟ್ಟಿದರು. "ಪಾಪ, ಎತ್ತಿ ಆಡ್ಸಿದ ಕೂಸಲ್ವಾ" ಎಂದು ಹುಡುಗನ ಕಡೆಯವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಉಂಗುರ ಬದಲಾಯಿಸಿದ್ದಾಯಿತು. ಎಲೆ ಹಾಕಿದರು. ನಂಜುಂಡೇಶನನ್ನು ಕೈಹಿಡಿದು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿದರು. ಅವನು ಒಬ್ಬಟ್ಟು ಮುರಿದು ತುಪ್ಪದಲ್ಲಿ ಅದ್ದಿ ಬಾಯಿಯ ಹತ್ತಿರ ತಂದಿದ್ದನಷ್ಟೆ, ಬಾಗಿಲಲ್ಲಿ ಗುಡುಗಿದಂತಾಯಿತು.

"ನನಗೆ ಎಲೆ ಎಲ್ಲಿ?"

ಹುಡುಗನ ಅಕ್ಕನ ಗಂಡ ಚೆಲುವರಾಜು. ಫೋನು ಬಂತೆಂದು ಹೊರಗೆ ಹೋಗಿದ್ದವನು ಬಂದು ನೋಡಿದರೆ ಪಂಕ್ತಿ ತುಂಬಿಹೋಗಿತ್ತು. ಮನೆ ಅಳಿಯ ಬೇರೆ. ಮೂಗಿನ ತುದಿಯ ಸಿಟ್ಟು ಕಿವಿಯವರೆಗೂ ಹಬ್ಬಿತ್ತು.

"ಮೊದಲ ಪಂಕ್ತಿಗೆ ಎಷ್ಟು ಜನ ಅಂತ ನೀವೇ ಹೇಳಿದ್ರಿ ಬೀಗ್ರೇ. ಅಷ್ಟೂ ಎಲೆ ಹಾಕಿವ್ನಿ. ಒಬ್ರನ್ನ ಎಚ್ಚಾಗಿ ಕರ್ಕಬಂದವ್ರು ನೀವು" ಎಂದರು ಚಿಕ್ಕಣ್ಣ.

"ನಾವಾ? ನಮ್ಮ ಪಂಕ್ತೀಲಿ ನಿಮ್ಮೋರನ್ನ ಕೂರ್ಸಿ ನಮ್ಮ ಅಳಿಯನ್ನ ನಿಲ್ಸಿದ್ದೀರಲ್ಲ" ಎಂದು ತಿಮ್ಮಯ್ಯ ಎದ್ದರು.

"ನಮ್ಮೋರ್ಯಾರು?"

"ಇನ್ಯಾರು? ಇವ್ರು!"

"ಇವ್ರು ನಿಮ್ಮೋರು!"

"ನಿಮ್ಮೋರು!"

ಮಾತು ಒಲೆಗೆ ಬಿದ್ದ ತೆಂಗಿನ ಗರಿಯಂತೆ ಹತ್ತಿಕೊಂಡಿತು. ಎಲೆಯಿಂದ ಸೀರೆಯ ಅಂಚಿಗೆ, ಅಂಚಿನಿಂದ ಯಾವುದೋ ಹಳೆಯ ಮದುವೆಯಲ್ಲಿ ಉಪ್ಪು ಕಡಿಮೆಯಾದ ಸಾರಿಗೆ ಹಾರಿತು. "ಉಂಗುರ ಬಿಚ್ಚು ಮಗಾ, ನಡಿ" ಎಂದರು ತಿಮ್ಮಯ್ಯ. ಪುಟ್ಟಿ ಕಂಬ ಹಿಡಿದು ಬಿಕ್ಕಿ ಬಿಕ್ಕಿ ಅಳತೊಡಗಿದಳು. "ಹಿರೀಕರೇ, ನೀವಾದ್ರೂ ಒಂದ್ ಮಾತು ಹೇಳಿ" ಎಂದು ಎರಡೂ ಕಡೆಯವರು ನಂಜುಂಡೇಶನ ಕಡೆಗೇ ತಿರುಗಿದರು.

ಒಬ್ಬಟ್ಟಿನ ತುಂಡು ಇನ್ನೂ ಅವನ ಬೆರಳಲ್ಲಿತ್ತು. ಅದನ್ನು ಎಲೆಯ ಮೇಲಿಟ್ಟು ಎದ್ದುನಿಂತ. ಸುಮ್ಮನಿದ್ದರೆ ಸಂಜೆವರೆಗೆ ಹಿರಿಯನಾಗಿರಬಹುದಿತ್ತು. ಆದರೆ ಕಂಬದ ಹತ್ತಿರ ಆ ಹುಡುಗಿ ಅಳುತ್ತಿದ್ದಳು.

"ಜಗಳ ಆಡ್ಬೇಡಿ. ಎಚ್ಚಾಗಿರೋನು ನಾನು. ನಾನು ಆ ಕಡೆಯೋನೂ ಅಲ್ಲ, ಈ ಕಡೆಯೋನೂ ಅಲ್ಲ. ಬಸ್ಸು ಅಂತ ಅತ್ಬುಟ್ಟೆ."

ಸಾಂಬಾರಿನ ಬಕೆಟ್ಟು ಹಿಡಿದವನು ಹಾಗೇ ನಿಂತ. ಆಮೇಲೆ ಸುನಂದಮ್ಮ ಕಿರುಚಿದರು. "ಅಯ್ಯೋ, ಈಗ ಗೊತ್ತಾತು! ನಮ್ಮ ಬೀದಿ ಕರೆಂಟ್ ಬಿಲ್ನೋನು ಕಣ್ರೀ!"

"ನಮ್ಮೂರಿಗೂ ಇವ್ನೇ ಕಣಕ್ಕ ಬರೋದು!" ಎಂದು ಚಿಕ್ಕಣ್ಣನ ಹೆಂಡತಿ ಮುಂದೆ ನುಗ್ಗಿದರು. "ಇರೋದು ಎಲ್ಡು ಬಲ್ಬು. ಏನ್ ಬಿಲ್ಲು ಅಂತೀರಿ!"

"ನಮಗೂ ಅಂಗೇ ಕಣಮ್ಮಾ ಬೀಗ್ತಿ!"

ತಿಮ್ಮಯ್ಯ ಚಿಕ್ಕಣ್ಣನವರ ಹೆಗಲ ಮೇಲೆ ಕೈ ಹಾಕಿದರು. ನಮ್ಮ ಮನೆ ಸಮಾಚಾರದೊಳಗೆ ಹೊರಗಿನವನು ಬಂದು ಕೂತನಲ್ಲ, ಅಂದರು. ನಮ್ಮನ್ನು ಒಡೆಯಲು ನೋಡಿದನಲ್ಲ, ಅಂದರು ಚಿಕ್ಕಣ್ಣ. ಅಲ್ಲಿವರೆಗೆ ಎರಡಾಗಿದ್ದ ಜನ ಒಂದೇ ಬಾಯಲ್ಲಿ ಬೈಯುತ್ತಾ ಅವನನ್ನು ಬಾಗಿಲವರೆಗೆ ಬಿಟ್ಟುಬಂದರು. ಚೆಲುವರಾಜು ಹೊಸ ಎಲೆ ಹಾಕಿಸಿಕೊಂಡು ಅವನ ಜಾಗದಲ್ಲಿ ಕೂತ. ಬೀದಿಗೆ ಇಳಿದ ನಂಜುಂಡೇಶನಿಗೆ ಒಳಗಿನಿಂದ ನಗು ಕೇಳಿಸಿತು. ಪುಟ್ಟಿಯೂ ನಗುತ್ತಿದ್ದಳು.

ಹೋಗಲಿ, ಮದುವೆ ಉಳಿಯಿತು ಅಂದುಕೊಂಡು ರಸ್ತೆಗೆ ಬಂದು ನಿಂತ. ಹೊಟ್ಟೆ ಚುರುಗುಟ್ಟುತ್ತಿತ್ತು. ಬೇಲಿ ಮೇಲೆ ಒಂದು ಓತಿಕ್ಯಾತ ತಲೆಯಾಡಿಸಿತು. ಇವನೂ ತಲೆಯಾಡಿಸಿದ. ಕೊನೆಗೆ ದೂರದಲ್ಲಿ ಕೆ.ಆರ್. ನಗರದ ಬಸ್ಸು ಕಾಣಿಸಿತು.

"ಅಣ್ಣಾ! ನಿಂತ್ಕಳಿ! ಅಣ್ಣಾ!"

ಚೆಲುವರಾಜು ಪಂಚೆ ಎತ್ತಿಕಟ್ಟಿ ಓಡಿಬರುತ್ತಿದ್ದ, ಕೈಯಲ್ಲಿ ಇನ್ನೂ ಎಂಜಲು. ನಂಜುಂಡೇಶನ ಎದೆ ತುಂಬಿ ಬಂತು. ಎಷ್ಟಾದರೂ ಮನುಷ್ಯರು, ಉಂಡುಹೋಗಲಿ ಅಂತ ಕಳಿಸಿದ್ದಾರೆ.

"ಬಿರ್ನೆ ಬನ್ನಿ ಅಣ್ಣ."

"ಊಟಕ್ಕಾ?"

"ಊಟ ಎಲ್ಲಣ್ಣ! ನೀವು ಅತ್ಲಾಗ್ ಹೋದ್ರಿ, ಇತ್ಲಾಗ್ ಮತ್ತೆ ಸುರುವಾತು. ಮದುವೆ ಅವ್ರೂರಲ್ಲೋ ನಮ್ಮೂರಲ್ಲೋ ಅಂತ. ನಮ್ಮ ಮಾವ ಉಂಗುರ ಬಿಚ್ಚು ಅಂತಾವ್ರೆ, ಹುಡುಗಿ ಮತ್ತೆ ಅಳ್ತಾ ಕುಂತದೆ." ಚೆಲುವರಾಜು ಅವನ ತೋಳು ಹಿಡಿದುಕೊಂಡ. "ನೀವು ಇದ್ದಾಗ ಎಷ್ಟು ಚೆನ್ನಾಗಿ ಒಂದಾಗಿದ್ರು. ಒಂದ್ಸಲ ಬಂದು ನಿಂತ್ಕಬುಡಿ. ಎಲ್ರೂ ನಿಮಗೆ ಇನ್ನೊಂದ್ ದಪ ಬೈದ್ಕಳ್ಳಿ."

ಬಸ್ಸು ಬಂದು ನಿಂತಿತು. "ಅತ್ತೀರೇನ್ರೀ?" ಎಂದು ಕಂಡಕ್ಟರು ಬಾಗಿಲಿಂದ ಕೇಳಿದ. ಬಸ್ಸಿನ ಒಳಗೆ ಬರೀ ಖಾಲಿ ಸೀಟು. ನಂಜುಂಡೇಶ ಅದನ್ನು ನೋಡಿದ, ತೋಳಿನ ಮೇಲಿದ್ದ ಕೈಯನ್ನು ನೋಡಿದ. ಕಂಡಕ್ಟರಿಗೆ ಇಲ್ಲವೆಂದು ತಲೆಯಾಡಿಸಿ ಚೆಲುವರಾಜುವಿನ ಹಿಂದೆ ಹೆಜ್ಜೆ ಹಾಕಿದ.

"ಯಾವ ಕಡೆ ನಿಂತ್ಕಬೇಕು?" ಎಂದು ಕೇಳಿದ.

"ಮಧ್ಯದಲ್ಲಿ ಅಣ್ಣ" ಎಂದ ಚೆಲುವರಾಜು. "ಎಲ್ಡೂ ಕಡೆಯೋರಿಗೂ ಚೆನ್ನಾಗಿ ಕಾಣ್ಬೇಕು."