ಅನ್ನಪೂರ್ಣಳ ಸೊಂಟದ ಮಟ್ಟ

ಹಾಲೇಶಪ್ಪನನ್ನು ಪೇಚಿಗೆ ಸಿಕ್ಕಿಸಿದ್ದು ಡಾಕ್ಟರು ಹೇಳಿದ ಒಂದೇ ಮಾತು. "ದಿನಾ ಬೇಕಾಗೋ ಸಾಮಾನೆಲ್ಲ ಅವ್ರ ಸೊಂಟದ ಮಟ್ಟಕ್ಕೆ ಇಡ್ರಿ. ಬಗ್ಗಬಾರ್ದು, ಮೈ ತಿರುಚಬಾರ್ದು, ಕೈ ತಲೆ ಮೇಲೆ ಎತ್ತಬಾರ್ದು, ಭಾರ ಎತ್ತಬಾರ್ದು. ಆರು ವಾರ."

ಆಗ ಅವನ ಹೆಂಡತಿ ಅನ್ನಪೂರ್ಣ ಮಂಗಳೂರಿನ ಆಸ್ಪತ್ರೆಯಲ್ಲಿ ಅಂಗಾತ ಮಲಗಿದ್ದಳು. ಡಿಸ್ಕಿನ ಆಪರೇಷನ್ ಆದಮೇಲೂ ಬಿಡದ ನೋವಿಗೆ ಆರು ವರ್ಷ ಬಗ್ಗಿಯೇ ಓಡಾಡಿದವಳು. ಈಗ ಅವಳ ಬೆನ್ನುಹುರಿಯ ಪಕ್ಕ ಸಣ್ಣ ತಂತಿ ಇಳಿಸಿ, ಸೊಂಟದ ಹಿಂದೆ ಚರ್ಮದೊಳಗೆ ಬೆಂಕಿಪೊಟ್ಟಣದಷ್ಟು ಯಂತ್ರ ಕೂರಿಸಿದ್ದರು. ನೋವಿನ ಸುದ್ದಿ ತಲೆಗೆ ಹೋಗುವ ದಾರಿಯಲ್ಲೇ ಅದು ಅಡ್ಡ ನಿಲ್ಲುತ್ತದಂತೆ.

ಹಾಲೇಶಪ್ಪ ನಲ್ಲೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಯಂತ್ರ ಅಂದರೆ ಬೆಲ್ಟಿರಬೇಕು, ಅದರ ಸದ್ದು ಬಸ್‌ಸ್ಟ್ಯಾಂಡಿನ ತನಕ ಕೇಳಬೇಕು. ಸದ್ದೇ ಇಲ್ಲದ ಯಂತ್ರ, ಅದೂ ಮನುಷ್ಯರ ಮೈಯೊಳಗೆ ಅಂದಾಗ ಅವನು ಕೈ ಮುಗಿದುಬಿಟ್ಟ. ಮುಗಿದದ್ದು ಡಾಕ್ಟರಿಗೋ ಯಂತ್ರಕ್ಕೋ ಅವನಿಗೇ ಗೊತ್ತಾಗಲಿಲ್ಲ. ಮಗಳು ಮೇಘಶ್ರೀಯನ್ನು ತಾಯಿಯ ಹತ್ತಿರ ಬಿಟ್ಟು, ಮನೆ ಸಜ್ಜು ಮಾಡಲು ಊರಿಗೆ ಬಂದ.

ಅನ್ನಪೂರ್ಣ ಬರುವ ದಿನ ಗಿರಣಿಗೆ ಬೀಗ ಹಾಕಿ ಅಡುಗೆಮನೆ ಹೊಕ್ಕ. ಕೆಳಗಿದ್ದ ರಾಗಿಹಿಟ್ಟಿನ ಡಬ್ಬ ಎತ್ತಿ, ತನ್ನ ಸೊಂಟಕ್ಕೆ ಸರಿಯಾದ ಹಲಗೆ ನೋಡಿ ಇಟ್ಟ. ಅಷ್ಟರಲ್ಲಿ ಪಕ್ಕದ ಮನೆಯ ಮುಮ್ತಾಜ್ ಬಂದಳು. ಬಟ್ಟೆ ಹೊಲಿಯುವವಳು, ಕಣ್ಣಲ್ಲೇ ಅಳತೆ ತೆಗೆಯುವವಳು.

"ಅಣ್ಣಾರೆ, ಅದು ನಿಮ್ಮ ಸೊಂಟ. ಅಕ್ಕಂದು ಅಲ್ಲಿಗೆಲ್ಲಿ ಬರ್ತೈತೆ? ಅಷ್ಟು ಮ್ಯಾಲಿಟ್ರೆ ಕೈ ಎತ್ತಬೇಕಾಗ್ತೈತೆ."

"ಮತ್ತೆ ಎಲ್ಲಿಗೆ ಬರ್ತೈತಮ್ಮ?"

"ಇಷ್ಟು ವರ್ಷ ಸಂಸಾರ ಮಾಡೀರಿ, ನನ್ನ ಕೇಳ್ತೀರಲ್ಲ."

ಈ ಮಾತು ಎದುರುಮನೆಯ ಪಂಚಾಕ್ಷರಪ್ಪ ಮೇಷ್ಟ್ರ ಕಿವಿಗೆ ಬಿತ್ತು. ರಿಟೈರಾಗಿದ್ದರೂ ಅವರ ಜೇಬಿನಲ್ಲಿ ಸೀಮೆಸುಣ್ಣ ತಪ್ಪಿರಲಿಲ್ಲ. "ಅಂದಾಜಿನ ಮ್ಯಾಲೆ ಇಡಬಾರ್ದು ಹಾಲೇಶ. ಅಳತಿ ಬೇಕು. ನಿನ್ನ ಹೆಂಡ್ತಿ ಇಲ್ಲಿಲ್ಲ. ಅದಕ್ಕೇ ನೀನೇ ಅವಳಾಗಿ ನಡಿ, ನಾನು ಗೋಡೆಗೆ ಗೀಟು ಹಾಕ್ತೀನಿ."

ಹಾಲೇಶಪ್ಪ ಮೊಣಕಾಲ ಮೇಲೆ ಕೈಯೂರಿ ಬಗ್ಗಿದ.

"ಅಕ್ಕ ಇದಕ್ಕಿಂತ ಬಗ್ತಾರೆ," ಅಂದಳು ಮುಮ್ತಾಜ್.

ಇನ್ನೂ ಬಗ್ಗಿದ. ಹಾಗೇ ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಬಚ್ಚಲಿಗೆ ನಡೆಸಿದರು. ಗಿರಣಿಗೆ ಬೀಗ ಕಂಡು ರಾಗಿಚೀಲ ಹೊತ್ತು ಬಂದವರು ಕಿಟಕಿಯಲ್ಲಿ ನಿಂತು ತಮ್ಮ ತಮ್ಮ ತಿದ್ದುಪಡಿ ಕೊಟ್ಟರು. "ಎಡಗಾಲು ಎಳೀಬೇಕು ನೋಡ್ರಿ." "ತಿರುಗುವಾಗ ಗೋಡೆ ಹಿಡೀತಾರೆ." ಹಾಲೇಶಪ್ಪ ಮುದಿ ಎತ್ತು ಗಾಣ ಸುತ್ತಿದಂತೆ ಸುತ್ತಿದ. ಮೇಷ್ಟ್ರು ಹಿಂದೆ ಹಿಂದೆಯೇ, ಬಗ್ಗಿದವನ ಕೈ ಮುಟ್ಟುವ ಮಟ್ಟಕ್ಕೆ ಗೀಟು ಎಳೆದರು.

ಮೂರನೇ ಸುತ್ತಿಗೆ ಅವನ ನಡು ಸಿಡಿಯತೊಡಗಿತು. ಆಗ ಇನ್ನೊಂದು ಗಮನಕ್ಕೆ ಬಂತು. ಇಷ್ಟು ಹೊತ್ತೂ ತನಗೆ ಕಂಡದ್ದು ಬರೀ ನೆಲ, ಜನರ ಪಾದ, ಬಾಗಿಲ ಕೆಳಗಿನ ಧೂಳು. ಕಿಟಕಿ ಕಾಣಲಿಲ್ಲ, ಯಾರ ಮುಖವೂ ಕಾಣಲಿಲ್ಲ. ಇವಳು ಹಿಂಗೇ ಆರು ವರ್ಷ ಅಡುಗೆ ಮಾಡಿ ಬಡಿಸಿದಳಾ ಅನ್ನಿಸಿ ಅವನು ನಿಂತಲ್ಲೇ ನಿಂತ.

"ಯಾಕೆ ನಿಂತ್ಯೋ?"

"ಏನಿಲ್ರಿ ಮೇಷ್ಟ್ರೆ. ಎಳೀರಿ ಗೀಟು."

ಗೀಟಿನ ಪ್ರಕಾರ ಮನೆ ಇಳಿಯಿತು. ರಾಗಿಹಿಟ್ಟಿನ ಡಬ್ಬ, ಉಪ್ಪು, ಚಾಪುಡಿ, ಕುಕ್ಕರ್ ಎಲ್ಲ ಕೆಳಗೆ ಬಂದವು. ಗ್ಯಾಸ್ ಒಲೆ ಕಟ್ಟೆಯಿಂದ ಇಳಿದು ಗಿಡ್ಡ ಬೆಂಚಿನ ಮೇಲೆ ಕೂತಿತು. ಕನ್ನಡಿಯ ಮೊಳೆ ಕಿತ್ತು ಕೆಳಗೆ ಹೊಡೆದರು. ಎಡವಬಾರದೆಂದು ಚಾಪೆಗಳನ್ನು ಸುತ್ತಿಟ್ಟರು. ಕೊನೆಗೆ ಮೇಷ್ಟ್ರು ಮಂಚ ನೋಡಿದರು.

"ಇದು ಎತ್ತರ ಆತು. ಹತ್ತುವಾಗ ಬೆನ್ನಿಗೆ ಪೆಟ್ಟು."

"ಮದುವೆ ಮಂಚ ರೀ ಅದು."

"ಕಾಲಷ್ಟೇ ಕೊಯ್ಯೋದು. ಮದುವೆ ಹಂಗೇ ಇರ್ತೈತೆ."

ಗರಗಸ ಬಂತು. ಸಾಗುವಾನಿಯ ನಾಲ್ಕು ಕಾಲೂ ಮೋಟಾದವು. ಸಂಜೆಯ ಹೊತ್ತಿಗೆ ಮನೆ ಬೊಂಬೆಗಳ ಸಂಸಾರಕ್ಕೆ ಹೂಡಿದಂತಿತ್ತು. ಮೇಷ್ಟ್ರು ಕೈ ಝಾಡಿಸಿಕೊಂಡು, "ಇನ್ನು ಅನ್ನಪೂರ್ಣಮ್ಮ ಕಣ್ಣು ಮುಚ್ಚಿ ಓಡಾಡಬಹುದು" ಅಂದರು.

ಕಾರು ಬಂದಾಗ ಬೀದಿಯೇ ನೆರೆದಿತ್ತು. ಹಾಲೇಶಪ್ಪ ಓಡಿಹೋಗಿ, ಹಿಂದಿನ ರೂಢಿಯಂತೆ ಹೆಂಡತಿಯ ಮೊಣಕೈ ಹಿಡಿಯಲು ಕೈ ಚಾಚಿದ. ಅವಳು ನಿಧಾನವಾಗಿ ಇಳಿದಳು. ಚಾಚಿದ ಕೈಗೆ ಮೊಣಕೈ ಸಿಗಲಿಲ್ಲ. ಅದು ಅಲ್ಲಿರಲಿಲ್ಲ, ಇನ್ನೂ ಮೇಲಿತ್ತು.

ಹಾಲೇಶಪ್ಪ ತಲೆಯೆತ್ತಿದ. ಅನ್ನಪೂರ್ಣ ನೆಟ್ಟಗೆ ನಿಂತಿದ್ದಳು. ಅವನಿಗಿಂತ ಒಂದು ಹಿಡಿ ಎತ್ತರ. ಮದುವೆಯ ದಿನ ಫೋಟೋದವನು ತನ್ನನ್ನು ಮಣೆ ಹತ್ತಿಸಿ ನಿಲ್ಲಿಸಿದ್ದು ಅವನಿಗೆ ಆಗ ನೆನಪಾಯಿತು.

ರಾಗಿಚೀಲದವರು ಚೀಲ ಇಳಿಸಿದರು. ಮುಮ್ತಾಜ್ ಸೆರಗು ಬಾಯಿಗೆ ಹಿಡಿದಳು.

"ನೀನು ಇಷ್ಟು ಉದ್ದ ಇದ್ದೆ ಅನ್ನೋದೇ ಮರ್ತು ಹೋಗಿತ್ತು," ಅಂದ ಹಾಲೇಶಪ್ಪ.

"ನನಗೂ," ಅಂದಳು ಅವಳು. ಆಮೇಲೆ ಬೀದಿಯ ಕಡೆ ನೋಡಿದಳು. ಕರೆಂಟಿನ ತಂತಿ, ತಂತಿಯ ಮೇಲಿನ ಹಕ್ಕಿ, ಅದರಾಚೆಯ ಆಕಾಶ. "ಮೇಷ್ಟ್ರ ಮನೆ ಮ್ಯಾಲೆ ಇನ್ನೊಂದು ಅಂತಸ್ತು ಯಾವಾಗ ಬಂತು ರೀ?"

"ಮೂರು ವರ್ಷ ಆತು," ಅಂದ.

"ಅಮ್ಮ ನೆಟ್ಟಗೆ ನಡೀತಾರೆ ಅಂತ ಫೋನಿನಾಗೆ ಹೇಳಲಿಲ್ಲ ಅಪ್ಪಾಜಿ. ನೀವೇ ಕಣ್ಣಾರೆ ನೋಡ್ರಿ ಅಂತ," ಅಂದಳು ಮೇಘಶ್ರೀ.

ಅನ್ನಪೂರ್ಣ ಒಳಗೆ ಬಂದಳು. ಹಿಂದೆ ಎಲ್ಲರೂ ಬಂದರು. ಅವಳು ಅಡುಗೆಮನೆಯಲ್ಲಿ ನಿಂತು ನೋಡಿದಳು. ಗೀಟು ಅವಳ ಮೊಣಕಾಲಿಗಿಂತ ತುಸು ಮೇಲಿತ್ತು. ಒಲೆಯೂ ಅಲ್ಲೇ, ಉಪ್ಪೂ ಅಲ್ಲೇ. ಕನ್ನಡಿಯಲ್ಲಿ ಅವಳ ಹೊಟ್ಟೆ ಮಾತ್ರ ಕಾಣುತ್ತಿತ್ತು. ಮಂಚದ ಮುಂದೆ ಬಂದು ಅದರ ಮೋಟು ಕಾಲುಗಳನ್ನು ನೋಡಿದಳು.

"ಇದ್ಯಾರಿಗ್ರೀ ಇಷ್ಟು ಕೆಳಗೆ ಮಾಡೀರಿ? ನಾನು ಬಗ್ಗಂಗಿಲ್ಲ ಅಂದಾರಲ್ಲ."

ಎಲ್ಲರೂ ಮೇಷ್ಟ್ರನ್ನು ನೋಡಿದರು. "ಅಳತಿ ಸರಿಯಾಗೇ ಐತಮ್ಮ," ಅಂದರು ಅವರು, ಚಪ್ಪಲಿ ಹುಡುಕುತ್ತ. "ಅಳೆದ ಮನುಷ್ಯಾನೇ ಬದಲಾದ್ರೆ ನಾನೇನು ಮಾಡ್ಲಿ?" ಅವರ ಹಿಂದೆಯೇ ಕಿಟಕಿಯ ಜನವೂ ಕರಗಿತು.

ಮುಮ್ತಾಜ್ ತನ್ನ ಮನೆಯಿಂದ ಎತ್ತರದ ಕುರ್ಚಿ ತಂದು ಅಡುಗೆಮನೆಯಲ್ಲಿ ಹಾಕಿದಳು. ಅನ್ನಪೂರ್ಣ ಅದರಲ್ಲಿ ಮಹಾರಾಣಿಯಂತೆ ಕೂತಳು. ಹಾಲೇಶಪ್ಪ ಅವಳನ್ನೇ ಒಮ್ಮೆ ಕಣ್ತುಂಬ ನೋಡಿ, ರಾಗಿಹಿಟ್ಟಿನ ಡಬ್ಬವನ್ನು ಮತ್ತೆ ಮೇಲಿಡಲು ಬಗ್ಗಿದ. ಅವನ ಸೊಂಟದಲ್ಲಿ ಏನೋ ಚಳಕ್ ಅಂದಿತು. ಬಗ್ಗಿದವನು ಬಗ್ಗಿದಂತೆಯೇ ಉಳಿದ.

"ಏನಾತು ರೀ?"

"ಏಳಾಕೆ ಆಗ್ತಿಲ್ಲ ಕಣೆ. ಸ್ವಲ್ಪ ಕೈ ಕೊಡು."

ಅನ್ನಪೂರ್ಣ ಕೈ ಚಾಚಿದವಳು ಅರ್ಧಕ್ಕೇ ತಡೆದು, ತುಂಬಾ ಮರುಕದಿಂದ ಹೇಳಿದಳು:

"ಎಬ್ಬಿಸ್ತಿದ್ದೆ ರೀ. ಆದ್ರೆ ಆರು ವಾರ ಭಾರ ಎತ್ತಂಗಿಲ್ಲ ಅಂದಾರೆ."